ಗೋಡೆಯ ಪಾಳಿ, ಫೋನಿನ ಪಾಳಿ

ಲಾಲಮ್ಮ ಮೆಟ್ಟಿಲು ಹತ್ತಿ ಬಂದಾಗ ಆಕೆಯ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಗೋಡೆಯಿಂದ ಕಿತ್ತು ತಂದ ಹಾಳೆ ಇತ್ತು. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಬೀಜ-ಗೊಬ್ಬರದ ಅಂಗಡಿಯ ಮೇಲಿರುವ ಆ ಎರಡು ಕೋಣೆಯ ಸಾಫ್ಟ್‌ವೇರ್ ಆಫೀಸಿಗೆ ರೈತರು ಬರುವುದೇ ಅಪರೂಪ. ಬಂದರೂ ಅಂಗಡಿಯ ಗೋದಾಮು ಇದೇ ಇರಬೇಕೆಂದು ತಪ್ಪಿ ಬಂದಿರುತ್ತಾರೆ. ಲಾಲಮ್ಮ ತಪ್ಪಿ ಬಂದಿರಲಿಲ್ಲ.

“ಈ ಫೋನಿನಾಗ ನನ್ನ ನೀರಿನ ಪಾಳಿ ಸೋಮವಾರ ರಾತ್ರಿ ಮೂರು ಗಂಟಿ ಅಂತ ಅದ. ಸಂಘದ ಗ್ವಾಡಿ ಮ್ಯಾಗ ಮಂಗಳವಾರ ರಾತ್ರಿ, ಅದೂ ಮೂರಕ್ಕ ಹನ್ನೊಂದು ನಿಮಿಷ ಕಡಿಮಿ. ಎರಡೂ ನೀವ ಮಾಡಿದ್ದಂತ. ನಾ ಯಾವುದು ನಂಬ್ಲಿ ಹೇಳ್ರಿ.”

ಈ ಸಲ ಆಕೆ ನಂಬಿದ್ದು ಫೋನನ್ನು. ಸೋಮವಾರ ರಾತ್ರಿ ಸಲಿಕೆ ಹಿಡಿದು ದೋರನಹಳ್ಳಿಯ ತನ್ನ ಗದ್ದೆಯ ಬದುವಿನ ಮೇಲೆ ನಿಂತಿದ್ದಳು. ಗೇಟು ತೆಗೆಯುವ ನೀರಗಂಟಿ ನಂಬಿದ್ದು ಗೋಡೆಯನ್ನು. ಆ ಹೊತ್ತಿಗೆ ಯಾರ ಪಾಳಿಯೂ ಇಲ್ಲವೆಂದು ಅವನು ನೀರನ್ನು ಹಳ್ಳಕ್ಕೆ ಬಿಟ್ಟ. ನಡುರಾತ್ರಿಯ ನಂತರ ಪಾಳಿ ಇದ್ದ ಉಳಿದ ಮೂವರು ಗೋಡೆ ನೋಡಿಕೊಂಡು ಮನೆಯಲ್ಲಿ ಹಾಯಾಗಿ ಮಲಗಿದ್ದರು. ಮಂಗಳವಾರ ನಸುಕಿಗೆ ಆ ಕಾಲುವೆಯ ಸರದಿಯೇ ಮುಗಿದು, ನೀರು ಪಕ್ಕದ ಗೋಗಿ ಊರಿನ ಕಡೆಗೆ ತಿರುಗಿತು.

ದುರ್ಗಾದೇವಿಯ ಮುಖ ಕೆಂಪಾಯಿತು. ಫೋನಿನ ಆ್ಯಪ್ ಅವಳದು. ಸುರಪುರದ ಕಡೆಯ ಹಳ್ಳಿಯಿಂದ ದಿನಾ ಬೆಳಗಿನ ಬಸ್ಸಿಗೆ ಬಂದು, ಎರಡು ವರ್ಷ ಕೂತು ಬರೆದದ್ದು. ಇಷ್ಟು ದಿನ ಪಾಳಿಗಳೆಲ್ಲ ಹಗಲಿನಲ್ಲೇ ಮುಗಿಯುತ್ತಿದ್ದವು. ಈ ಸಲ ನೀರು ಕಡಿಮೆಯಾಗಿ ರಾತ್ರಿ ಪಾಳಿ ಶುರುವಾಗುತ್ತದೆಂದು ಕೇಳಿದ ದಿನವೇ ಅವಳಿಗೆ ಹೊಳೆದಿತ್ತು: ಕಂಪ್ಯೂಟರಿನ ಸೋಮವಾರ ನಡುರಾತ್ರಿಗೆ ಸಾಯುತ್ತದೆ, ನಮ್ಮೂರಿನ ಸೋಮವಾರ ಹೊತ್ತು ಮೂಡುವವರೆಗೆ ಬದುಕಿರುತ್ತದೆ. ಇಲ್ಲಿ ರಾತ್ರಿ ಮೂರು ಗಂಟೆ ಹಿಂದಿನ ದಿನದ್ದೇ. ಕೂಸು ಹುಟ್ಟಿದ್ದನ್ನೂ ಕಳ್ಳ ಬಂದದ್ದನ್ನೂ ಜನ ಹಾಗೆಯೇ ಹೇಳುತ್ತಾರೆ. ಅವಳು ಫೋನಿನ ಲೆಕ್ಕವನ್ನು ತಿದ್ದಿದಳು. ಗೋಡೆಯ ಹಾಳೆ ಹೊರಬರುವುದು ಸಂಘದ ಆಫೀಸಿನಲ್ಲಿರುವ ವೆಬ್ ಆ್ಯಪಿನಿಂದ. ಅದನ್ನು ಬರೆದವನು ಆಫೀಸಿನ ಮಾಲೀಕ ಸುನೀಲಕುಮಾರ. ಅದರ ಕೋಡು ಬೇರೆ, ಅದರ ರೆಪೊ ಬೇರೆ, ಅದರೊಳಗಿನ ಪಾಳಿಯ ಲೆಕ್ಕವೂ ಬೇರೆ. ಅಲ್ಲಿ ದಿನ ಇನ್ನೂ ನಡುರಾತ್ರಿಗೇ ಬದಲಾಗುತ್ತಿತ್ತು, ಸೋಮವಾರ ರಾತ್ರಿಯ ಆ ಹೊತ್ತನ್ನೇ ಅದು ಮಂಗಳವಾರವೆಂದು ಅಚ್ಚುಹಾಕಿತ್ತು.

ರೆಪೊ ಎಂದರೆ ಕೋಡು ಇಡುವ ಉಗ್ರಾಣ. ಯಾರು, ಯಾವಾಗ, ಏನು ತಿದ್ದಿದರೆಂದು ಮರೆಯದೆ ಬರೆದಿಡುವಂಥದ್ದು. ಒಂದೇ ಲೆಕ್ಕವನ್ನು ಎರಡು ಉಗ್ರಾಣದಲ್ಲಿಟ್ಟರೆ ಒಂದನ್ನು ತಿದ್ದಿದವರು ಇನ್ನೊಂದನ್ನು ಮರೆಯುತ್ತಾರೆ. ದುರ್ಗಾದೇವಿ ಮರೆತಿರಲಿಲ್ಲ. “ಸರ, ವೆಬ್ಬಿನಾಗೂ ತಿದ್ದಬೇಕ್ರಿ” ಎಂದು ಹೇಳಿದ್ದಳು. ಅವನು “ನಾಳಿ ಮಾಡ್ತೀನಿ” ಅಂದಿದ್ದ. ನಾಳೆ ಎಂದವನ ಮನೆ ಹಾಳು ಅಂತಾರೆ. ಇಲ್ಲಿ ಹಾಳಾದದ್ದು ಲಾಲಮ್ಮನ ಭತ್ತ.

“ಎರಡೂ ಒಂದೇ ಟೈಮ್ ಅಲ್ಲೇನು?” ಎಂದ ಸುನೀಲಕುಮಾರ. “ಕ್ಯಾಲೆಂಡರ್ ಪ್ರಕಾರ ನಂದೂ ಬರೋಬರಿ ಅದ.”

“ಕ್ಯಾಲೆಂಡರಿಗಿ ನೀರು ಹಾಸಲೇನು, ಯಪ್ಪಾ?” ಎಂದಳು ಲಾಲಮ್ಮ.

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ನೀರು ಬಳಕೆದಾರರ ಸಂಘದ ಅಧ್ಯಕ್ಷ ಸೂಗಪ್ಪ. ಅವರಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ, ಸ್ಪೀಕರ್ ಹಾಕದೆಯೂ ಕೋಣೆಗೆಲ್ಲ ಕೇಳಿಸಿತು. “ಸುನೀಲಾ, ಶನಿವಾರ ಸಭಾ ಅದ. ಅಷ್ಟರಾಗ ಗ್ವಾಡಿದೂ ಫೋನಿಂದೂ ಒಂದೇ ಆಗ್ಲಿಲ್ಲಂದ್ರ ಫೋನಿಂದು ತಗದು ಒಗಿತೀವಿ. ಗ್ವಾಡಿ ಎಲ್ಲಾರ ಕಣ್ಣಿಗೂ ಕಾಣ್ತದ.”

ದುರ್ಗಾದೇವಿಗೆ ಸಿಟ್ಟು ನೆತ್ತಿಗೇರಿತು. ತಪ್ಪಿದ್ದು ಗೋಡೆ, ಒಗೆಯುವುದು ಫೋನು! ದಿನ ಸರಿಯಾಗಿ ಹೇಳಿದ್ದಕ್ಕೆ ತನ್ನ ಎರಡು ವರ್ಷದ ಕೆಲಸವೇ ಕಸಕ್ಕೆ ಹೋಗಬೇಕೆ?

“ಸರ, ವೆಬ್ಬಿನಾಗ ದಿನ ತಿದ್ದೂದು ಹತ್ತು ನಿಮಿಷದ ಕೆಲಸರಿ. ಆದ್ರ ಮುಂದಿನ ಸಲ ಮತ್ತ ಇದ ಹಾಡು. ಎರಡೂ ಒಂದೇ ರೆಪೊದಾಗ ತರೂಣು. ಪಾಳಿ ಲೆಕ್ಕ ಒಂದೇ ಕಡಿ ಇರ್ಲಿ. ಫೋನೂ ಅದಕ್ಕ ಕೇಳ್ಲಿ, ವೆಬ್ಬೂ ಅದಕ್ಕ ಕೇಳ್ಲಿ.”

ಇದನ್ನು ಅವಳು ಹೇಳುತ್ತಿದ್ದದ್ದು ಮೂರನೆಯ ಸಲ. ಸುನೀಲಕುಮಾರ ಕೆಟ್ಟವನಲ್ಲ. ಆದರೆ ನಾಲ್ಕು ವರ್ಷದ ತನ್ನ ಕೋಡನ್ನು ಯಾರಾದರೂ ಮುಟ್ಟಿದರೆ ಮಗನಿಗೆ ಹೊಡೆದಂತೆ ನೋಡುತ್ತಿದ್ದ. “ನನ್ನ ಲೆಕ್ಕ ಅಳಿಸಿ ನಿಂದು ಹಾಕ್ಬೇಕು, ಹೌದಲ್ಲ?” ಎಂದ.

ಲಾಲಮ್ಮ ಅಷ್ಟು ಹೊತ್ತಿಗೆ ಕುರ್ಚಿ ಎಳೆದುಕೊಂಡು ಕೂತಿದ್ದಳು. “ನನಗ ನಿಮ್ಮ ರೆಪೊ-ಗಿಪೊ ತಿಳಿಯಂಗಿಲ್ಲ. ಆದ್ರ ಒಂದ ಒಲಿ ಮ್ಯಾಗ ಅಡಿಗಿ ಆದ್ರ ಎಲ್ಲಾರ ತಾಟಿಗೂ ಅದ ಸಾರು ಬೀಳ್ತದ. ಆ ಹುಡುಗಿ ಹೇಳೂದು ಖರೇ ಅದ.”

“ಮಾಡು,” ಎಂದ ಸುನೀಲಕುಮಾರ, ಗೋಡೆಯ ಕಡೆ ನೋಡುತ್ತ.

ದುರ್ಗಾದೇವಿ ಹೊಸ ರೆಪೊ ತೆರೆದು ಮೂರು ಫೋಲ್ಡರ್ ಮಾಡಿದಳು: ಒಂದು ಫೋನಿಗೆ, ಒಂದು ವೆಬ್ಬಿಗೆ, ಮೂರನೆಯದು ಬರೀ ಪಾಳಿಗೆ. ಪಾಳಿಯ ಫೋಲ್ಡರಿನಲ್ಲಿ ಬಣ್ಣವಿಲ್ಲ, ಬಟನ್ ಇಲ್ಲ. ಯಾವ ಹೊಲಕ್ಕೆ ಎಷ್ಟು ಎಕರೆ, ಅದಕ್ಕೆ ಎಷ್ಟು ನೀರು, ಯಾವಾಗ ಎಂಬ ಲೆಕ್ಕವಷ್ಟೇ. ತನ್ನ ಲೆಕ್ಕವನ್ನು ಅಲ್ಲಿಟ್ಟು, ಸುನೀಲಕುಮಾರನದನ್ನು ಅಳಿಸುವ ಮುಂಚೆ ಎರಡನ್ನೂ ಪಕ್ಕ ಪಕ್ಕ ಓಡಿಸಿದಳು. ಇಪ್ಪತ್ತು ಮಂದಿ ರೈತರು, ಅದೇ ಎಕರೆ, ಅದೇ ಕಾಲುವೆ. ದಿನ ತಪ್ಪಿದ್ದು ಅವನದು, ಸರಿ. ಹನ್ನೊಂದು ನಿಮಿಷದ ತಪ್ಪೂ ಅವನದೇ ಇರಬೇಕೆಂದು ನಗುತ್ತ ಹುಡುಕಲು ಕೂತಳು.

ಮಧ್ಯಾಹ್ನದ ಹೊತ್ತಿಗೆ ನಗು ಹೋಗಿತ್ತು. ಅವಳ ಲೆಕ್ಕ ಪ್ರತಿ ಹೊಲದ ಚಿಲ್ಲರೆ ಸೆಕೆಂಡುಗಳನ್ನು ಒಂದು ಪೂರ್ತಿ ನಿಮಿಷ ಮಾಡಿ ಕೊಡುತ್ತಿತ್ತು. ಕೈ ತುಂಬ ಕೊಡೋಣ ಎಂದು ಅವಳೇ ಬರೆದ ಸಾಲು. ಮೇಲಿನ ಹೊಲಗಳಿಗೆ ಅರ್ಧರ್ಧ ನಿಮಿಷ ಹೆಚ್ಚು ಹೋಗುತ್ತ ಹೋಗುತ್ತ, ಕಾಲುವೆಯ ಕೊನೆಯ ಹೊಲದ ಪಾಳಿ ಹನ್ನೊಂದು ನಿಮಿಷ ತಡವಾಗಿ ಶುರುವಾಗಿ, ಅಷ್ಟು ನೀರು ಕಡಿಮೆ ಬೀಳುತ್ತಿತ್ತು. ಕೊನೆಯ ಹೊಲ ಲಾಲಮ್ಮನದು. ಇಡೀ ಊರಲ್ಲಿ ತನ್ನನ್ನು ನಂಬಿದ ಒಬ್ಬಳ ನೀರನ್ನೇ ತಾನು ಕದ್ದಿದ್ದೆನಲ್ಲ ಎಂದು ಅವಳಿಗೆ ಅಳು ಬಂತು.

ಮುಚ್ಚಿಡಬಹುದಿತ್ತು. ಒಂದು ಸಾಲು ಬದಲಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಸುನೀಲಕುಮಾರನ ಮೇಜಿಗೆ ಹೋದಳು. “ಸರ, ನಿಮಿಷದ ಲೆಕ್ಕ ನಿಮ್ಮದ ಖರೇ ಅದ. ನಂದು ತಪ್ಪ್ಯಾದ.”

ಅವನು ತೆರೆಯನ್ನು ನೋಡಿದ, ಅವಳನ್ನು ನೋಡಿದ. “ಆ ಚಿಲ್ಲರಿ ಸಲುವಾಗಿ ನಾ ಒಂದು ವಾರ ತಲಿ ಕೆಡಿಸ್ಕೊಂಡಿದ್ದೆ, ಗೊತ್ತದೇನು?” ಎಂದ. ನಾಲ್ಕು ವರ್ಷದಲ್ಲಿ ಯಾರೂ ಗಮನಿಸದ ಅವನ ಜಾಣತನವನ್ನು ಒಬ್ಬರಾದರೂ ಕಂಡರಲ್ಲ! ಕುರ್ಚಿ ಎಳೆದು ಪಕ್ಕದಲ್ಲಿ ಕೂತ. ದಿನ ಎಣಿಸುವುದು ಅವಳ ಕೋಡು, ನಿಮಿಷ ಹಂಚುವುದು ಅವನದು. ಶುಕ್ರವಾರ ಸಂಜೆ ತನ್ನ ಹಳೆಯ ಫೈಲನ್ನು ಅವನೇ ಅಳಿಸಿದ.

ಶನಿವಾರ ದೋರನಹಳ್ಳಿಯ ಸಂಘದ ಕಟ್ಟೆಯ ಮೇಲೆ ಇಪ್ಪತ್ತೂ ಮಂದಿ ಕೂಡಿದ್ದರು. ಸೂಗಪ್ಪ ಗೋಡೆಯ ಹೊಸ ಹಾಳೆಯನ್ನೂ ಫೋನನ್ನೂ ಒಂದೊಂದೇ ಹೆಸರು ಹಿಡಿದು ತಾಳೆ ನೋಡಿದರು. ಇಪ್ಪತ್ತೂ ಒಂದೇ. ಲಾಲಮ್ಮನದು ಸೋಮವಾರ ರಾತ್ರಿ ಮೂರಕ್ಕೆ ಹನ್ನೊಂದು ನಿಮಿಷ ಕಡಿಮೆ, ಎರಡರಲ್ಲೂ. ದುರ್ಗಾದೇವಿ ತನ್ನ ಹನ್ನೊಂದು ನಿಮಿಷದ ತಪ್ಪನ್ನು ಎಲ್ಲರೆದುರು ಹೇಳಿದಳು. “ಆತು, ಫೋನಿಂದೂ ಇರ್ಲಿ” ಎಂದು ಸೂಗಪ್ಪ ಏಳಹೋದರು.

“ಕೂಡ್ರಿ ಗೌಡ್ರ,” ಎಂದಳು ಲಾಲಮ್ಮ. “ಪ್ರತಿ ಸಲ ಮ್ಯಾಲಿಂದ ಯಾಕ ಶುರುವಾಗ್ಬೇಕು? ರಾತ್ರಿ ನಾವ ಯಾಕ ನಿಲ್ಬೇಕು? ಒಂದು ಸಲ ಕೆಳಗಿಂದ ಶುರು ಮಾಡ್ರಿ.”

“ಅದು ಆಗೂದಿಲ್ಲವ್ವಾ. ಕಂಪ್ಯೂಟರಿನಾಗ ಹಂಗ ಅದ. ಹೋದ ವರ್ಷ ಸುನೀಲನ ಹೇಳ್ಯಾನ, ಎರಡೂ ಕಡಿ ಬದಲಿ ಮಾಡಾಕ ಹದಿನೈದು ದಿನ ಬೇಕಂತ.”

ಸುನೀಲಕುಮಾರ ಹೌದೆನ್ನಬೇಕೋ ಬೇಡವೋ ತಿಳಿಯದೆ ದುರ್ಗಾದೇವಿಯ ಕಡೆ ನೋಡಿದ.

“ಈಗ ಆಗ್ತದ್ರಿ,” ಎಂದಳು ಅವಳು. “ಈಗ ಒಂದೇ ಕಡಿ ಅದ. ಸಭಾ ಒಪ್ಪಿದ್ರ ಇಲ್ಲೇ ಮಾಡ್ತೀನಿ.”

ಹದಿನಾರು ಕೈ ಮೇಲೆದ್ದವು. ದುರ್ಗಾದೇವಿ ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದು, ಪಾಳಿಯ ಫೋಲ್ಡರಿನಲ್ಲಿ ಸರದಿಯನ್ನು ತಿರುವಿಹಾಕಿ, ಪರೀಕ್ಷೆ ಓಡಿಸಿ, ಕಳಿಸಿದಳು. “ಫೋನಿನಾಗ ಆ್ಯಪ್ ಒಮ್ಮಿ ಬಂದ್ ಮಾಡಿ ತಗೀರಿ.” ಒಳಗೆ ಸಂಘದ ಪ್ರಿಂಟರ್ ಗರಗರ ಎಂದಿತು. ಲಾಲಮ್ಮನ ಪಾಳಿ ಸೋಮವಾರ ಬೆಳಗಿನ ಆರು ಗಂಟೆ, ಫೋನಿನಲ್ಲೂ ಹಾಳೆಯಲ್ಲೂ. ಕಟ್ಟಕಡೆಯ ಹೆಸರು, ರಾತ್ರಿ ಎರಡೂವರೆಗೆ ಸಲಿಕೆ ಹಿಡಿದು ನಿಲ್ಲಬೇಕಾದವರದು, ಕಾಲುವೆಯ ತಲೆಯಲ್ಲಿ ಹೊಲವಿದ್ದ ಅಧ್ಯಕ್ಷ ಸೂಗಪ್ಪನವರದು.

ಕಟ್ಟೆಯೆಲ್ಲ ನಕ್ಕಿತು. ಸೂಗಪ್ಪ ಕನ್ನಡಕ ಏರಿಸಿ ಎರಡು ಸಲ ಓದಿ, ಆಮೇಲೆ ತಾವೂ ನಕ್ಕರು. “ನನ್ನ ರಾತ್ರಿ ಎಬ್ಬಿಸಾಕಿ ಹುಟ್ಟ್ಯಾಳ ನೋಡ್ರಪಾ! ಸುನೀಲಾ, ಮುಂದ ಪಾಳಿ ಬದಲಿ ಮಾಡೂದಿದ್ರ ನಿನಗ ಫೋನ್ ಹಚ್ಚಲೇನು?”

“ನನಗಲ್ರಿ. ಆಕಿಗಿ ಹಚ್ರಿ,” ಎಂದ ಸುನೀಲಕುಮಾರ.

ಸೂಗಪ್ಪ ನಂಬರ್ ಕೇಳಿ, ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತ ಹೆಸರು ಬರೆದುಕೊಂಡರು. ಅವರ ಫೋನಿನಲ್ಲಿ ಎಲ್ಲರ ಹೆಸರಿನ ಮುಂದೆಯೂ ಅವರವರ ಬಾಬತ್ತು ಇರುತ್ತದೆ, ಕರೆಂಟಿನವರಿಗೆ ಕರೆಂಟ್, ಟ್ರ್ಯಾಕ್ಟರಿನವರಿಗೆ ಟ್ರ್ಯಾಕ್ಟರ್. ದುರ್ಗಾದೇವಿ ಇಣುಕಿ ನೋಡಿದಳು. “ದುರ್ಗಾದೇವಿ ನೀರು” ಎಂದಿತ್ತು. ಅವಳ ಅಪ್ಪ ವೆಂಕಟಪ್ಪ ಜೀವಮಾನವೆಲ್ಲ ಇನ್ನೊಬ್ಬರ ಗದ್ದೆಗೆ ನೀರು ಕಟ್ಟಿದವನು, ಅವನಿಗೆ ಸ್ವಂತದ್ದೆಂದು ಒಂದು ಗುಂಟೆ ನೆಲವಿಲ್ಲ. ಅಂಥವನ ಮಗಳು ಇಪ್ಪತ್ತು ಹೊಲದ ನೀರಿಗೆ ಹೆಸರಾದಳು. ಸುರಪುರದ ಬಸ್ಸು ಹತ್ತುವ ಮುಂಚೆಯೇ ಅವಳು ಅಪ್ಪನಿಗೆ ಫೋನ್ ಹಚ್ಚಿದಳು.