ಧ್ವನಿ ಹಾಯುವ ಗೆರೆ

ಕೀಬೋರ್ಡಿನ ಮೂಲೆಯಲ್ಲಿ ಕೆಂಪು ಚುಕ್ಕೆ, ನನ್ನದೇ ಉಗುರುಬಣ್ಣ, ಅರ್ಧ ಎದ್ದುಹೋಗಿದೆ — ಅಕ್ಷರ ಸವೆದ ಕೀ ಗುರುತು ಸಿಗಲಿ ಎಂದು ನನ್ನ ಗಂಡ ಹಚ್ಚಿದ್ದು, ಇದು ಪೈಪ್ ಕಣೇ, ಅಂದಿದ್ದ, ಈ ನೆಟ್ಟಗಿನ ಗೆರೆ, ಎಡಗಡೆ ಆಜ್ಞೆ ಉಗುಳಿದ್ದನ್ನ ಬಲಗಡೆದರ ಬಾಯಿಗೆ ಸುರಿಯುತ್ತೆ, ಅಷ್ಟೇ, ಇದಕ್ಕೆ ನಿನ್ನ ಎಂ.ಎ. ಬೇಕಾಗಿಲ್ಲ — ನಕ್ಕಿದ್ದೆನೇ, ನೆನಪಿಲ್ಲ, ಬಣ್ಣ ದಂಡ ಮಾಡಿದೆ ಎಂದು ಬೈದದ್ದು ನೆನಪಿದೆ. ಅವನು ತೀರಿಕೊಂಡ ಮೇಲೆ ಈ ಕಂಪ್ಯೂಟರನ್ನು ಇವತ್ತೇ ತೆರೆದದ್ದು. ಹಿಂದೆ ಕುರ್ಚಿಯಲ್ಲಿ ಅತ್ತೆ, ಬಂತೇನಮ್ಮ, ಇರಿ ಅತ್ತೆ, ಅವನ ಧ್ವನಿ ಉಳಿದಿರುವುದು ಈ ಒಂದು ಫೈಲಿನಲ್ಲಿ, ಮೈಕು ಸರಿಯಿದೆಯೇ ನೋಡಲು ಏನೋ ಒದರಿದ್ದು, ಫೈಲನ್ನು ಓದುವ ಆಜ್ಞೆ, ಗೆರೆ, ನುಡಿಸುವ ಆಜ್ಞೆ, ಎಂಟರ್ — ಸದ್ದಿಲ್ಲ.

ತೆರೆಯ ಮೇಲೆ, ಗೆರೆಯಿರಬೇಕಾದಲ್ಲಿ ಬಾಣದ ಮೊನೆ, > ಗುರುತು. ಬೆರಳು ಕೆಳಗಿನ ಸಾಲಿಗೆ ಹೇಗೆ ಹೋಯಿತು, ಈಚೆಗೆ ಇವು ಯಾರದೋ ಕೈಗಳು, ಚಹಾಕ್ಕೆ ಉಪ್ಪು ಹಾಕುವ ಕೈಗಳು. ಬಾಣ ಮಾತ್ರ ಜೋಪಾನ, ಅಂದಿದ್ದ, ಅದು ಮುಂದಿರೋ ಹೆಸರಿನ ಫೈಲಿಗೆ ಸುರಿಯುತ್ತೆ, ನಿನ್ನ ಕೇಳಲ್ಲ, ಅದರಲ್ಲಿದ್ದ ಹಳೇದನ್ನ ಅಳಿಸಿಬಿಡುತ್ತೆ. ಯಾಕಮ್ಮ, ಕೆಟ್ಟುಹೋಯ್ತಾ, ಆಸ್ಪತ್ರೆಯಲ್ಲೂ ಬಾರದ ಭಯ, ಎರಡನೇ ಸಲ ಅವನು ಹೋದದ್ದು ನನ್ನ ಕೈಯಿಂದಲೇ — ತಾಳು, ಬಾಣ ಅಳಿಸುವುದು ಮೊನೆಯ ಮುಂದಿರುವುದನ್ನು, ಅವನು ಮೊನೆಯ ಹಿಂದಿದ್ದಾನೆ. ಏನೇನಿದೆ ತೋರಿಸು ಎಂದು ಕಂಪ್ಯೂಟರಿಗೆ ಹೇಳುತ್ತೇನೆ, ತೋರಿಸುತ್ತದೆ, ಅವನ ಫೈಲು ಇದೆ, ಪಕ್ಕದಲ್ಲಿ ನುಡಿಸುವ ಆಜ್ಞೆಯ ಹೆಸರು ಹೊತ್ತ ಹೊಸದೊಂದು, ಗಾತ್ರವೂ ಅದೇ, ಬಾಣ ಅಳಿಸಿಲ್ಲ, ನಕಲು ಮಾಡಿಟ್ಟಿದೆ, ಒಂದಿದ್ದದ್ದು ಎರಡಾಗಿದೆ, ಏನಿಲ್ಲ ಅತ್ತೆ, ಇದ್ದಾನೆ. ಈ ಸಲ ಚುಕ್ಕೆಯನ್ನು ನೋಡಿಕೊಂಡೇ ಒತ್ತುತ್ತೇನೆ, ಗರಗರ ಸದ್ದು, ಆಮೇಲೆ ಅವನು, ಹಲೋ ಹಲೋ, ಕೇಳಿಸ್ತಿದ್ಯಾ, ಲೇ, ಹಾಲು ಉಕ್ತಿದೆ ನೋಡೇ — ಅತ್ತೆ ಮೂಗೊರೆಸಿಕೊಳ್ಳುತ್ತಾರೆ, ಸೋಮಾರಿ, ಎದ್ದುಹೋಗಿ ಒಲೆ ಆರಿಸೋಕೆ ಏನಾಗಿತ್ತು ಇವನಿಗೆ, ನನಗೆ ನಗು, ಹೊಟ್ಟೆಯಿಂದಲೇ ಬರುತ್ತಿದೆ, ಇನ್ನೊಂದ್ಸಲ ಹಾಕಮ್ಮ, ಹಿಂದಿನ ಸಾಲನ್ನು ಒಂದೇ ಕೀ ಒತ್ತಿ ಕರೆಯಬಹುದು, ಕರೆಯುವುದಿಲ್ಲ, ಅಕ್ಷರ ಅಕ್ಷರ ಒತ್ತುತ್ತೇನೆ, ಬೆರಳು ಮೂಲೆಗೆ ಹೋಗಲಿ, ಅರ್ಧ ಉಳಿದ ಚುಕ್ಕೆ ಉಗುರಿಗೆ ತಾಗುತ್ತದೆ, ಹಾಲು ಉಕ್ತಿದೆ ನೋಡೇ, ಆ ಬಣ್ಣದ ಬಾಟಲಿ ಎಲ್ಲಿಟ್ಟೆ, ಇನ್ನಷ್ಟು ಹಚ್ಚಬೇಕು, ಅರ್ಧ ಉಳಿದ ಕೆಂಪು, ಆ ಕೆಂಪೂ ಎದ್ದುಹೋಗುವ ಮುಂಚೆ.