ಮೂರು ಗೀಟು, ಒಂದು ಚುಕ್ಕೆ

“ಏಯ್ ಮುದುಕಾ, ಏಳೋ ಮೇಲೆ! ನಿಮ್ಮಪ್ಪನ ಮನೆ ಅಂಗಳಾನಾ ಇದು, ಬಿದ್ಕೊಳ್ಳೋಕೆ?”

ಕಾವಲುಗಾರನ ಕೋಲು ಬೆನ್ನಿಗೆ ತಿವಿದರೂ ಅಪ್ಪ ಏಳಲಿಲ್ಲ. ಬೀದಿಯ ನಟ್ಟನಡುವೆ ಮಂಡಿಯೂರಿ, ನೆಲಹಾಸಿನ ಒಂದು ಕಲ್ಲಿಗೆ ಕಿವಿ ಹಚ್ಚಿದ್ದ. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಮತ್ತೆ ಕಿವಿ ಇಟ್ಟ. ಸುತ್ತ ಪ್ರವಾಸಿಗರು ಗುಂಪು ಕಟ್ಟಿದ್ದರು. ಮುದುಕ ಏನೋ ಆಟ ತೋರಿಸುತ್ತಾನೆಂದು ಒಬ್ಬಳು ಫೋನು ಎತ್ತಿ ಹಿಡಿದು ಕಾಯುತ್ತಿದ್ದಳು. ಭಿಕ್ಷುಕ ಎಂದುಕೊಂಡವನೊಬ್ಬ ಎಸೆದ ನಾಣ್ಯ ಉರುಳಿಕೊಂಡು ಬಂದು ಅಪ್ಪನ ಚಪ್ಪಲಿಗೆ ತಾಗಿ ಮಲಗಿತ್ತು.

“ಪೊಳ್ಳು,” ಎಂದ ಅಪ್ಪ, ಮಗಳ ಕಡೆ ಕತ್ತೆತ್ತಿ. “ಕೆಳಗೆ ಗಾರೆನೇ ಇಲ್ಲ. ಆವತ್ತೇ ಬಡ್ಕೊಂಡೆ, ಆ ಕಂಟ್ರಾಕ್ಟರ್ ಬೋಳಿಮಗ ಕೇಳ್ಲಿಲ್ಲ.”

ಮಗಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮನೆಯಿಂದ ಹೊರಡುವಾಗಲೇ ಹೇಳಿದ್ದಳು: “ಎಲ್ರ ಹಾಗೆ ತಲೆ ಎತ್ಕೊಂಡು ನಡಿಯಪ್ಪಾ. ನೆಲ ನೋಡ್ಬೇಡ.” ನೋಡಲು ಎಷ್ಟೊಂದಿತ್ತು! ಅಂಗಡಿಗಳ ಗಾಜು, ಹೂಕುಂಡಗಳ ಸಾಲು, ಬಣ್ಣದ ಕೊಡೆಗಳ ಕೆಳಗೆ ಕಾಲ ಮೇಲೆ ಕಾಲು ಹಾಕಿ ಕುಳಿತ ಜನ. ಅಪ್ಪ ಒಂದನ್ನೂ ನೋಡಲಿಲ್ಲ. ಹೆಜ್ಜೆಗೊಮ್ಮೆ ಹಿಮ್ಮಡಿಯಿಂದ ಕಲ್ಲು ತಟ್ಟುತ್ತಾ, ಸದ್ದು ಕೇಳುತ್ತಾ ಬಂದ. ಇಲ್ಲಿ ಸದ್ದು ಕೆಟ್ಟಿತು, ಕುಳಿತುಬಿಟ್ಟ.

ಗಡಿಯಾರದ ಗೋಪುರದಿಂದ ಕಾರಂಜಿಯವರೆಗೆ ಈ ಬೀದಿಗೆ ಕಲ್ಲು ಕಡಿದು ಹಾಸಿದವರಲ್ಲಿ ಅವನೂ ಒಬ್ಬ. ಕಲ್ಲು ಹೊತ್ತವರಲ್ಲಿ ಮಗಳೂ ಒಬ್ಬಳು. ಕೊನೆಯ ಕಲ್ಲು ಕೂತ ಸಂಜೆಯೇ ಅವರನ್ನೆಲ್ಲ ಲಾರಿಗೆ ತುಂಬಿ ಸಾಗಿಸಿದರು. ಮಾರನೆಯ ದಿನ ದೊಡ್ಡವರು ಬಂದು ರಿಬ್ಬನ್ನು ಕತ್ತರಿಸಿದರು. ಈಗ ಅಪ್ಪನ ಎದೆಯ ತುಂಬ ಕಲ್ಲಿನ ಧೂಳು. ಬರುವ ತಿಂಗಳು ಮಂಚ ಇಳಿಯುವುದೂ ಕಷ್ಟ ಎಂದಿದ್ದರು ಡಾಕ್ಟರು. ಅಂದಿನಿಂದ ಅಪ್ಪನದು ಒಂದೇ ಹಟ: “ಒಂದ್ಸಲ ಆ ತುದಿಯಿಂದ ಈ ತುದಿಗೆ ನಡೀಬೇಕು ಕಣವ್ವಾ. ಕಾರಂಜಿ ನೀರು ಮುಖಕ್ಕೆ ಸಿಡೀಬೇಕು. ಅಷ್ಟೇ.”

ಅವಳು ಇದೇ ಬೀದಿಯ ಹೋಟೆಲೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಬರುವುದು, ಹೋಗುವುದು ಹಿಂದಿನ ಓಣಿಯಿಂದ, ಕಸದ ಡಬ್ಬಗಳ ನಡುವೆ. ಜ್ವರವೆಂದು ಸುಳ್ಳು ಹೇಳಿ ಅರ್ಧ ದಿನ ರಜೆ ಹಾಕಿ, ಅಪ್ಪನ ಬಿಳಿ ಅಂಗಿಗೆ ಇಸ್ತ್ರಿ ಮಾಡಿ ಕರೆತಂದಿದ್ದಳು. ಕಾರಂಜಿ ಎದುರಿಗೇ ಕಾಣುತ್ತಿತ್ತು. ಇನ್ನು ನೂರು ಹೆಜ್ಜೆ.

“ಏನ್ರೀ ಅದು ಸಂತೆ?” ಬೀದಿಯ ಉಸ್ತುವಾರಿ ಸಾಹೇಬ ಗುಂಪನ್ನು ಸೀಳಿಕೊಂಡು ಬಂದ.

“ಭಿಕ್ಷೆ ಸಾರ್,” ಎಂದ ಕಾವಲುಗಾರ.

“ಭಿಕ್ಷೆ ಅಲ್ಲ ಸಾರ್, ಕಾರಂಜಿವರೆಗೆ ಸುಮ್ನೆ ನಡೀತಿದ್ವಿ,” ಎಂದಳು ಮಗಳು.

“ಮೊಣಕಾಲಲ್ಲಾ?” ಸಾಹೇಬ ಬೂಟಿನ ತುದಿಯಿಂದ ನಾಣ್ಯವನ್ನು ತಳ್ಳಿದ. “ಇದೇನು, ಆಕಾಶದಿಂದ ಉದುರ್ತಾ?”

ಅಪ್ಪ ಎದ್ದು ಕೈಮುಗಿದ. “ಈ ಕಲ್ಲು ಹಾಕಿದ್ದು ನಾನೇ ಸ್ವಾಮಿ.”

“ಓಹೋ! ಹಾಗಾದ್ರೆ ಆ ಗೋಪುರ ಕಟ್ಟಿದ್ದು ನಮ್ಮಜ್ಜಿ.” ಗುಂಪು ನಕ್ಕಿತು. “ಅಲ್ಲಿ ಹಿತ್ತಾಳೆ ಫಲಕ ಹಾಕಿದಾರೆ, ಇಪ್ಪತ್ತು ಹೆಸರು. ನಿಂದು ಎಷ್ಟನೇದಪ್ಪಾ?”

“ನಂದು ಅಡಿಗಿದೆ ಸ್ವಾಮಿ. ಕಲ್ಲಿನ ಅಡಿಗೆ. ಮೂರು ಗೀಟು, ಒಂದು ಚುಕ್ಕೆ. ಕಲ್ಲು ಒಡೆದ್ರೆ ಯಾರಿಗೆ ಬೈಬೇಕು ಅಂತ ಗೊತ್ತಾಗ್ಲಿ ಅಂತ ಕಂಟ್ರಾಕ್ಟರೇ ಕೆತ್ತಿಸಿದ್ದು. ಒಬ್ಬೊಬ್ರಿಗೆ ಒಂದೊಂದು ಗುರುತು.”

“ಸರಿ ಸರಿ, ನಡಿ. ಕಾರಂಜಿ ತಾನೇ? ಹಿಂದಿನ ಓಣಿಯಿಂದ ಹೋಗು, ಅಲ್ಲಿಂದ್ಲೂ ಕಾಣ್ಸುತ್ತೆ.”

ಅಲ್ಲಿಂದ ಕಾಣುವುದು ಪಂಪಿನ ಕೋಣೆಯ ಹಿಂಗೋಡೆ. ಮಗಳು ದಿನಾ ನೋಡುವ ಗೋಡೆ. ಬಾಯಿ ತೆರೆಯುವಷ್ಟರಲ್ಲಿ ಕಾವಲುಗಾರ ಅಪ್ಪನ ಕಂಕುಳಿಗೆ ಕೈ ಹಾಕಿ ಎಳೆದ. ಅಪ್ಪನಿಗೆ ಕೆಮ್ಮು ಹತ್ತಿತು. ಹತ್ತಿದ್ದು ನಿಲ್ಲಲಿಲ್ಲ. ಎದೆ ಹಿಡಿದು ಬಗ್ಗಿದವನ ಬಾಯಿಂದ ಕೆಂಪು ಬೆರೆತ ಕಫ ಕಲ್ಲಿನ ಮೇಲೆ ಬಿತ್ತು. ಫೋನು ಹಿಡಿದಿದ್ದವಳು ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

“ಥೂ, ಹೊಲಸು ನನ್ಮಗನೇ! ಒರೆಸೋ. ನಿನ್ನ ಅಂಗಿಯಿಂದ್ಲೇ ಒರೆಸು,” ಎಂದು ಗದರಿದ ಸಾಹೇಬ.

ಅಪ್ಪ ಮಗಳ ಮುಖ ನೋಡಲಿಲ್ಲ. ಮತ್ತೆ ಮಂಡಿಯೂರಿ, ಇಸ್ತ್ರಿಯ ಗೆರೆ ಇನ್ನೂ ಮುರಿಯದಿದ್ದ ಬಿಳಿ ತೋಳಿನಿಂದ ಕಲ್ಲನ್ನು ಉಜ್ಜಿದ. ಚೆನ್ನಾಗಿಯೇ ಉಜ್ಜಿದ, ಕೆಲಸದ ಮೇಲಿದ್ದವನ ಹಾಗೆ.

ಕಾವಲುಗಾರನ ಕೈಯ ಕೋಲು ಯಾವಾಗ ಮಗಳ ಕೈಗೆ ಬಂತೋ ಅವನಿಗೆ ತಿಳಿಯಲಿಲ್ಲ.

“ಏಯ್! ಹೊಡೀತಾಳೆ ಸಾರ್, ಹೊಡೀತಾಳೆ!”

ಅವಳು ಹೊಡೆಯಲಿಲ್ಲ. ಕೋಲಿನ ಕಬ್ಬಿಣದ ತುದಿಯನ್ನು ಕಲ್ಲಿನ ಸಂದಿಗೆ ಇಟ್ಟು ಮೈಭಾರ ಬಿಟ್ಟಳು. ಗಾರೆಯಿಲ್ಲದ ಕಲ್ಲು ಅಲ್ಲಾಡುವ ಹಲ್ಲಿನಂತೆ ಎದ್ದಿತು. ಬೆರಳು ತೂರಿಸಿ ಅದನ್ನು ಮಗುಚಿದಳು. ಒಣ ಮರಳು ಉದುರಿತು. ಕಲ್ಲಿನ ಹೊಟ್ಟೆಯ ಮೇಲೆ ಮೂರು ಗೀಟು, ಒಂದು ಚುಕ್ಕೆ.

“ನೋಡ್ಕೊಳ್ಳಿ ಸಾರ್. ಬೈಯೋಕೆ ಅಂತ ಕೆತ್ತಿಸಿದ್ದು. ಈಗ ಬೈರಿ.”

ಯಾರೂ ನಗಲಿಲ್ಲ. ಸಾಹೇಬ ವಾಕಿಟಾಕಿಯನ್ನು ಬಾಯಿಗೆ ಹಿಡಿದು ಹಿಂದೆ ಹಿಂದೆ ಹೋದ. ಕಾವಲುಗಾರ ಪೀಪಿ ಊದತೊಡಗಿದ.

ಅಪ್ಪನ ಅಂಗೈ ಆಗಲೇ ಗುಂಡಿಯಲ್ಲಿತ್ತು, ಮರಳನ್ನು ಮಟ್ಟ ಮಾಡುತ್ತಿತ್ತು. “ಹಾಗೇ ಕೂರ್ಸು,” ಎಂದ. “ಗುರುತು ಮೇಲೇ ಇರ್ಲಿ.”

ಮಗಳು ಕೂರಿಸಿದಳು. ಅಪ್ಪ ಅವಳ ಹೆಗಲು ಹಿಡಿದು ಎದ್ದು, ಕಲ್ಲಿನ ಮೇಲೆ ನಿಂತು ಉಸಿರು ಎಳೆದುಕೊಂಡ. ಬೀದಿಯ ಎರಡೂ ತುದಿಯಿಂದ ಕೋಲು ಹಿಡಿದವರು ಓಡಿ ಬರುತ್ತಿದ್ದರು. ಕಾರಂಜಿ ಇದ್ದಲ್ಲೇ ಇತ್ತು. ಅಪ್ಪ ಅದರ ಕಡೆಗೆ ಒಂದು ಹೆಜ್ಜೆ ಇಟ್ಟು, ಹಿಮ್ಮಡಿಯಿಂದ ಮುಂದಿನ ಕಲ್ಲನ್ನು ತಟ್ಟಿದ.

“ಇದೂ ಪೊಳ್ಳು ಕಣವ್ವಾ.”

ಮಗಳು ಕೋಲಿನ ತುದಿಯನ್ನು ಸಂದಿಗೆ ಇಟ್ಟಳು.