ಎಡಗಾಲಿನ ಕಾಣಿಕೆ

ಆಸ್ಪತ್ರೆಗೆ ಕೈಬೀಸಿಕೊಂಡು ಹೋಗುವ ಪೈಕಿಯಲ್ಲ ವಿದೊಸಾವಾ. ಸರ್ಬಿಯಾದ ಆ ಗುಡ್ಡಗಾಡಿನಲ್ಲಿ ಡಾಕ್ಟರಿಗೆ ಕಾಣಿಕೆಯಿಲ್ಲದೆ ಯಾರೂ ಹೋಗುವುದಿಲ್ಲ. ಹಲ್ಲು ಕೀಳಿಸುವುದಕ್ಕೆ ಕಾಫಿಪುಡಿ, ಹೆರಿಗೆಗೆ ಪ್ಲಮ್ ಸಾರಾಯಿ. ಇನ್ನು ಮಂಡಿ ಬದಲಿಸುವುದೆಂದರೆ ಸಣ್ಣ ಮಾತೇ? ಮನೆಯಲ್ಲೇ ಹೊಗೆ ಹಾಕಿ ಒಣಗಿಸಿದ ಇಡೀ ಹಂದಿ ತೊಡೆಯನ್ನು ಹೆಗಲಿಗೇರಿಸಿಕೊಂಡು ಕುಂಟುತ್ತ ಹೋಗಿದ್ದಳು.

ಡಾಕ್ಟರ್ ಪ್ರೋಕಿಚ್ ತಿನ್ನುವುದರಲ್ಲಿ ಮಹಾ ರಸಿಕ. ತೊಡೆಯನ್ನು ಮೂಸಿ, ಇದು ಬೀಚ್ ಮರದ ಹೊಗೆ ಎಂದು ಹೇಳಿ ಒಳಗಿಟ್ಟುಕೊಂಡ. ಮಾರನೆಯ ದಿನ ಅವಳ ಬಲಮಂಡಿ ಬದಲಿಸಿದ.

ನೋಯುತ್ತಿದ್ದದ್ದು ಎಡಮಂಡಿ.

"ಹೋಗ್ಲಿ ಬಿಡೇ, ಅದೂ ಒಂದಿನ ಕೆಡೋದೇ ತಾನೆ?" ಎಂದ ಗಂಡ ರಾದೊಯ್ಕೊ. ಆ ದಿನ ಅವನಿಗೆ ಊಟ ಸಿಗಲಿಲ್ಲ.

ವಕೀಲೆ ಇಸಿದೋರಾ ಕಾಗದಗಳನ್ನು ನೋಡಿ ತಲೆ ಕೆರೆದುಕೊಂಡಳು. "ಕಾಯಿಲೆ ವಾಸಿ ಆಗ್ಲಿಲ್ಲ ಅಂದಮಾತ್ರಕ್ಕೆ ಡಾಕ್ಟರ ತಪ್ಪು ಅನ್ನಕ್ಕಾಗಲ್ಲ ಆಂಟಿ. ಅವ್ರು ಎಚ್ಚರಿಕೆ ವಹಿಸ್ಲಿಲ್ಲ, ಅದ್ರಿಂದ್ಲೇ ನಿಮಗೆ ಹಾನಿ ಆಯ್ತು ಅಂತ ತೋರಿಸ್ಬೇಕು. ಇಲ್ಲಿ ಬಲ ಅಂತ ಬರ್ಕೊಂಡಿದಾರೆ. ನೀವು ಎಡ ಅಂದಿದ್ದಕ್ಕೆ ಸಾಕ್ಷಿ ಯಾರು?"

"ಅವನೇ! ಇನ್ಯಾರು?"

"ಅವ್ರು ಒಪ್ಕೊಳ್ತಾರಾ?"

"ಒಪ್ಪಿಸ್ಬೇಕು ಕಣಮ್ಮ. ಎಡ ಬಲ ಗೊತ್ತಿಲ್ಲದ ಮುದುಕಿ ಅಂತ ಊರೆಲ್ಲ ನಗ್ತಿದೆ. ತಪ್ಪು ನಂದು ಅಂತ ಅವನ ಬಾಯಲ್ಲೇ ಬರ್ಬೇಕು. ನಂಗೆ ಬೇಕಾಗಿರೋದು ಅದು."

ನ್ಯಾಯಾಲಯದಲ್ಲಿ ಪ್ರೋಕಿಚ್ ಕರುಣೆಯ ಮುಖ ಹೊತ್ತು ನಿಂತ. "ವಯಸ್ಸಾದವರಿಗೆ ಎರಡೂ ಮಂಡಿ ಸವೆದಿರ್ತವೆ. ಈಕೆ ಹೇಳಿದ್ದು ಬಲಮಂಡಿ ಅಂತ್ಲೇ. ಈಗ ಮರೆವು, ಪಾಪ."

ಆ 'ಪಾಪ' ಕೇಳಿ ವಿದೊಸಾವಾಳ ಮೈಯೆಲ್ಲ ಉರಿಯಿತು. ಆದರೂ ಬಾಗಿ ಕೈಕಟ್ಟಿ ನಿಂತು, ಬೆಣ್ಣೆಯಂಥ ದನಿಯಲ್ಲಿ ಹೇಳಿದಳು:

"ಇರಬಹುದು ಸ್ವಾಮಿ, ಮರೆವೇ. ನಿಮಗೆ ತಂದಿದ್ದ ತೊಡೆನೂ ಬಲಗಾಲಿಂದೇ ಇರ್ಬೇಕು. ಸೌದೆ ಥರ ಒಣಗಿತ್ತು, ಉಪ್ಪೂ ಜಾಸ್ತಿ. ನಾಯಿಗೆ ಹಾಕಿಬಿಟ್ರೇನೋ."

"ನಾಯಿಗಾ!" ಪ್ರೋಕಿಚ್‌ಗೆ ತಡೆಯಲಾಗಲಿಲ್ಲ. ಅವನ ವಕೀಲ ಕೋಟು ಜಗ್ಗುತ್ತಲೇ ಇದ್ದ. "ಏನಮ್ಮ ಹೀಗಂತೀರಿ? ಅಂಥ ತೊಡೆ ನಾನು ಜನ್ಮದಲ್ಲೇ ತಿಂದಿಲ್ಲ! ಬಲಗಾಲಂತೆ! ಎಡಗಾಲು ಅದು! ನೀವೇ ಅಲ್ವಾ, 'ಡಾಕ್ಟ್ರೇ, ನಂದೂ ಇದೇ ಕಾಲು, ಮರೀಬೇಡಿ' ಅಂತ ಇಡೀ ವಾರ್ಡನ್ನ ನಗಿಸಿದ್ದು?"

ಕೋಟು ಜಗ್ಗುತ್ತಿದ್ದ ಕೈ ಸೋತು ಕೆಳಗೆ ಬಿತ್ತು. ನ್ಯಾಯಾಧೀಶೆ ಕನ್ನಡಕ ತೆಗೆದು ಡಾಕ್ಟರನ್ನೇ ನೋಡಿದಳು. ಅವನ ಕಿವಿಗಳು ಕೆಂಪಾದವು.

"ತಪ್ಪು ನಂದೇ," ಎಂದು ಗೊಣಗಿದ. ವಿದೊಸಾವಾ ತನ್ನ ಕಿವಿಯತ್ತ ಬೆರಳು ತೋರಿಸಿದಳು. ಅವನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.

ಎಡಮಂಡಿಯ ಆಪರೇಷನ್ನಿಗೆ ಬೇರೆ ಪಟ್ಟಣದ ಆಸ್ಪತ್ರೆಗೆ ಹೊರಟಾಗ ರಾದೊಯ್ಕೊ ಅಟ್ಟದಿಂದ ಇನ್ನೊಂದು ತೊಡೆ ಇಳಿಸಲು ಹೋದ. "ಮುಟ್ಟಬೇಡ ಅದನ್ನ," ಎಂದಳು.

ಆ ಆಸ್ಪತ್ರೆಯಲ್ಲಿ ಬರಿಗೈಯಲ್ಲಿ ಕೂತವಳಿಗೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ, ನಾಚಿಕೆಯಾಯಿತು. ಹೊಸ ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು, ಪೆನ್ನು ಹಿಡಿದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಯಾವ ಮಂಡಿ ಅಮ್ಮ?"

ಕೇಳಿ, ಉತ್ತರಕ್ಕೆ ಕಾದಳು. ಅಷ್ಟಕ್ಕೇ ವಿದೊಸಾವಾಳಿಗೆ ಅಳು ಬಂತು.